ಅಮೃತಹಳ್ಳಿಗೆ ದಾರಿ ಯಾವುದು?
ಬೆಂಗಳೂರಿನ ಉತ್ತರ ಭಾಗಕ್ಕೆ ಹೋಗಿಬರುವ ಸದಸ್ಯರಿಗೆ ಕೆಲವು ಸೂಚನೆಗಳು

ನಮ್ಮ ಹಿರಿಯ ಸದಸ್ಯರಿಗೆ ಬೆಂಗಳೂರು ಎಂದರೆ ಒಂದು ಕಾಲದಲ್ಲಿ ಎರಡೇ ಸ್ಥಳಗಳು: ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಮತ್ತು ಕಾಫಿ ಬೋರ್ಡಿನ ಕಛೇರಿ. ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ಹೋಟೆಲಿನಲ್ಲಿ ಮುಖ ತೊಳೆದು ಒಂದು ಲೋಟ ಕಾಫಿ ಕುಡಿದು, ವಿಧಾನಸೌಧದ ಕಡೆಗೆ ಹೋಗಿ, ಪೂಲಿಗೆ ಹಾಕಿದ ಕಾಫಿಯ ಹಣದ ಕಂತು ಯಾವಾಗ ಬರುವುದೆಂದು ವಿಚಾರಿಸಿ, ಸಂಜೆಯ ಬಸ್ಸಿಗೆ ಊರಿಗೆ ಹಿಂತಿರುಗುವುದು ವಾಡಿಕೆಯಾಗಿತ್ತು. 1996ರಲ್ಲಿ ಪೂಲ್ ಪದ್ಧತಿ ಪೂರ್ತಿಯಾಗಿ ಮುಗಿದ ಮೇಲೆ ಆ ಓಡಾಟ ನಿಂತುಹೋಯಿತು. ಆದರೆ ಮೆಜೆಸ್ಟಿಕ್ಕಿಗೆ ಹೋಗಿ ಇಳಿಯುವ ಅಭ್ಯಾಸ ಮಾತ್ರ ನಮ್ಮನ್ನು ಬಿಡಲಿಲ್ಲ.

ಈಗ ನಮಗೆ ಬೆಂಗಳೂರಿನಲ್ಲಿ ಇರುವ ಕೆಲಸಗಳೇ ಬೇರೆ. ಮಕ್ಕಳು ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲೋ ಅದರ ಆಸುಪಾಸಿನಲ್ಲೋ ನೌಕರಿಯಲ್ಲಿದ್ದಾರೆ. ಕೃಷಿ ಮೇಳ ನಡೆಯುವುದು ಜಿ.ಕೆ.ವಿ.ಕೆ.ಯಲ್ಲಿ. ವಿಮಾನ ಇಳಿಯುವುದು ದೇವನಹಳ್ಳಿಯ ಬಳಿ. ದೊಡ್ಡ ಆಸ್ಪತ್ರೆಗಳೂ ಹೆಬ್ಬಾಳದ ಸುತ್ತ ಬಂದಿವೆ. ಇವೆಲ್ಲವೂ ಊರಿನ ಉತ್ತರ ದಿಕ್ಕಿನಲ್ಲಿ, ಬಳ್ಳಾರಿ ರಸ್ತೆಯ ಎಡಬಲದಲ್ಲಿ ಇರುವಂಥವು. ನಮ್ಮ ಸಂಘದ ಸದಸ್ಯರ ಬಾಯಲ್ಲಿ ಈಚೆಗೆ ಹೆಚ್ಚಾಗಿ ಕೇಳಿಬರುವ ಹೆಸರು ಅಮೃತಹಳ್ಳಿ. ಮಗನ ಮನೆ ಅಲ್ಲಿ, ಮಗಳ ಬಾಡಿಗೆ ಮನೆ ಅಲ್ಲಿ, ಇಲ್ಲವೇ ಅಳಿಯಂದಿರು ಅಲ್ಲಿ ಫ್ಲಾಟು ಕೊಂಡಿದ್ದಾರೆ. ಆದುದರಿಂದ ಅಲ್ಲಿಗೆ ರೈಲು, ಬಸ್ಸು, ಕಾರು, ವಿಮಾನ ಇವುಗಳಲ್ಲಿ ಹೇಗೆ ಹೋಗಿ ಸೇರುವುದೆಂಬುದನ್ನು ಒಂದೆಡೆ ಬರೆದಿಡುವುದು ಉಪಯುಕ್ತವೆಂದು ಭಾವಿಸಿದ್ದೇವೆ.

ನಮ್ಮದೇ ಒಂದು ಪಾಠ

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಒಂದು ವರ್ಷ ಕಾಫಿ ಕೊಯ್ಲಿನ ನಡುವೆ ನಮ್ಮ ತಂದೆಯವರನ್ನು ಹೃದಯದ ತಪಾಸಣೆಗೆಂದು ಆ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ವೈದ್ಯರು ಕೊಟ್ಟ ಸಮಯ ಬೆಳಿಗ್ಗೆ 9 ಗಂಟೆ. ದಾರಿಯಲ್ಲಿ ತಡವಾಗಿ, ಬಸ್ಸು ಗೊರಗುಂಟೆಪಾಳ್ಯ ದಾಟುವಾಗ 7 ಗಂಟೆ ಆಗಿತ್ತು. ಅಲ್ಲಿ ಹತ್ತಾರು ಜನ ಚೀಲ ಹಿಡಿದುಕೊಂಡು ಇಳಿದರು. ನಾವು ಮಾತ್ರ ಮಾಮೂಲಿನಂತೆ ಮೆಜೆಸ್ಟಿಕ್ಕಿಗೆಂದು ಕುಳಿತೇ ಇದ್ದೆವು. ಅಲ್ಲಿ ಇಳಿದು, ನಗರದ ಬಸ್ಸು ಹುಡುಕಿ, ಮೇಖ್ರಿ ವೃತ್ತ ದಾಟಿ ಹೆಬ್ಬಾಳಕ್ಕೆ ಬರುವಷ್ಟರಲ್ಲಿ ಕಛೇರಿಗೆ ಹೋಗುವವರ ವಾಹನಗಳೆಲ್ಲ ರಸ್ತೆಗೆ ಬಂದಿದ್ದವು. ಆಸ್ಪತ್ರೆ ತಲುಪಿದಾಗ 10 ಗಂಟೆ ಮೀರಿತ್ತು. ನಮ್ಮ ಸರದಿ ಹೋಗಿತ್ತು. ಮರುದಿನ ಬನ್ನಿ ಎಂದರು. ತಪ್ಪು ಯಾರದೂ ಅಲ್ಲ, ನಮ್ಮದೇ.

ಸಂಜೆ ಅಮೃತಹಳ್ಳಿಯಲ್ಲಿರುವ ಮಗ ಕೇಳಿದ: "ಅಪ್ಪಯ್ಯ, ಗೊರಗುಂಟೆಪಾಳ್ಯದಲ್ಲೇ ಇಳಿಯೋದಲ್ವಾ? ಅಲ್ಲಿಂದ ನೇರ ಹೆಬ್ಬಾಳಕ್ಕೆ ಬಸ್ಸಿದೆ." ತಂದೆಯವರು ನಮ್ಮ ಮುಖ ನೋಡಿದರು. ಅಂದು ರಾತ್ರಿ ಊರಿನಿಂದ ದೂರವಾಣಿ ಬಂತು. ಮೋಡ ಕವಿದು ಮಳೆ ಬಂದು, ಕಣದಲ್ಲಿ ಹರಡಿದ್ದ ಚೆರ್ರಿ ಕಾಫಿ ಅರ್ಧ ನೆನೆದಿತ್ತು. ನಾವು ಅಂದುಕೊಂಡ ದಿನವೇ ಹಿಂತಿರುಗಿದ್ದರೆ ಮಾರನೆಯ ಬೆಳಿಗ್ಗೆ ಅದನ್ನು ಬೇರೆ ಹರಡಿ ಕೈಯಾಡಿಸಬಹುದಾಗಿತ್ತು. ಎರಡು ದಿನ ಕಳೆದು ಬಂದು ನೋಡಿದಾಗ ಬೂಷ್ಟು ಹಿಡಿದಿತ್ತು.

ಸಣ್ಣ ಬೆಳೆಗಾರನಿಗೆ ದಾರಿಯಲ್ಲಿ ಹಾಳಾಗುವ ಒಂದು ದಿನ ಎಂದರೆ ಇಷ್ಟು. ಮನೆಯಲ್ಲಿ ಇರುವವರೇ ಇಬ್ಬರೋ ಮೂವರೋ. ಕೊನೆಗಾರ ಸಿಕ್ಕಿದ ದಿನ ನಾವು ಊರಲ್ಲಿ ಇಲ್ಲದಿದ್ದರೆ ಅಡಿಕೆ ಕೊನೆ ಮರದಲ್ಲೇ ಹಣ್ಣಾಗುತ್ತದೆ. ದಾರಿ ತಿಳಿದಿರುವುದೂ ತೋಟದ ಲೆಕ್ಕಕ್ಕೇ ಸೇರಿದ ವಿಷಯ.

ಅಮೃತಹಳ್ಳಿ ಇರುವುದೆಲ್ಲಿ?

ಮೆಜೆಸ್ಟಿಕ್ಕಿನ ಕಡೆಯಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಮೇಖ್ರಿ ವೃತ್ತ, ಹೆಬ್ಬಾಳ ಕೆರೆ, ಹೆಬ್ಬಾಳದ ಮೇಲ್ಸೇತುವೆ, ಕೊಡಿಗೇಹಳ್ಳಿ ಗೇಟು, ಬ್ಯಾಟರಾಯನಪುರ, ಜಕ್ಕೂರು, ಯಲಹಂಕ ಎಂದು ಊರುಗಳು ಸಾಲಾಗಿ ಬರುತ್ತವೆ. ಬ್ಯಾಟರಾಯನಪುರದಲ್ಲಿ ರಸ್ತೆಯ ಎಡಕ್ಕೆ ಸಹಕಾರ ನಗರ, ಬಲಕ್ಕೆ ಅಮೃತಹಳ್ಳಿ. ಹೆಬ್ಬಾಳದಿಂದ ಸುಮಾರು 3 ಕಿಲೋಮೀಟರು. ಬಸ್ಸಿನಲ್ಲಿ ಬರುವವರು "ಬ್ಯಾಟರಾಯನಪುರ" ಎಂದು ಕೇಳಿ ಇಳಿಯುವುದು ಲೇಸು.

ಹೆಸರೇ ಹೇಳುವಂತೆ ಇದು ಹಳ್ಳಿಯಾಗಿತ್ತು. ಊರಿಗೊಂದು ಕೆರೆ ಇತ್ತು, ಈಗಲೂ ಇದೆ. ಈ ಸೀಮೆಯಿಂದ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದವರೆಗೂ ದ್ರಾಕ್ಷಿ ಮತ್ತು ತರಕಾರಿಗೆ ಹೆಸರಾದ ನೆಲ. 'ಬೆಂಗಳೂರು ನೀಲಿ' ಎಂಬ ದ್ರಾಕ್ಷಿ ತಳಿ ಈ ಭಾಗದ್ದೇ. ಬ್ಯಾಟರಾಯನಪುರ ಮೊದಲು ಪ್ರತ್ಯೇಕ ನಗರಸಭೆಯಾಗಿದ್ದು, 2007ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆಗೆ ಸೇರಿತು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಯ ಹೊಲ ತೋಟಗಳು ಮನೆಗಳಾದವು. ನಮ್ಮ ಮಕ್ಕಳ ಮನೆಗಳೂ ಇಂಥದೇ ನೆಲದ ಮೇಲೆ ನಿಂತಿವೆ ಎಂಬುದನ್ನು ಬೆಳೆಗಾರರಾದ ನಾವು ಮರೆಯಲಾಗದು.

ಇಲ್ಲಿಂದ ಸ್ವಲ್ಪ ಮುಂದಿರುವ ಯಲಹಂಕವೇ ಬೆಂಗಳೂರಿನ ತವರು. 1537ರಲ್ಲಿ ಬೆಂಗಳೂರು ಕೋಟೆಯನ್ನು ಕಟ್ಟಿಸಿದ ಕೆಂಪೇಗೌಡರು ಯಲಹಂಕ ನಾಡಿನ ಪ್ರಭುಗಳು. ಅಂದು ಯಲಹಂಕದಿಂದ ಹೊರಟು ಬೆಂಗಳೂರು ಕಟ್ಟಿದರು. ಇಂದು ಬೆಂಗಳೂರು ಬೆಳೆದು ಯಲಹಂಕವನ್ನೇ ಒಳಗೆ ಹಾಕಿಕೊಂಡಿದೆ.

ನೆನಪಿಡಬೇಕಾದ ಒಂದೇ ಮಾತು

ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಪುತ್ತೂರು, ಸುಳ್ಯ ಇವುಗಳಲ್ಲಿ ಯಾವ ಊರಿನಿಂದ ಹೊರಟರೂ ಬೆಂಗಳೂರಿನ ಬಸ್ಸುಗಳು ಸಾಮಾನ್ಯವಾಗಿ ತುಮಕೂರು ರಸ್ತೆಯಲ್ಲೋ ಹಾಸನ ರಸ್ತೆಯಲ್ಲೋ ಬರುತ್ತವೆ. ಈ ಎರಡು ರಸ್ತೆಗಳೂ ನೆಲಮಂಗಲದಲ್ಲಿ ಕೂಡುತ್ತವೆ. ಅಲ್ಲಿಂದ ಮುಂದೆ ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ, ಆಮೇಲೆ ಮೆಜೆಸ್ಟಿಕ್. ಗೊರಗುಂಟೆಪಾಳ್ಯದಲ್ಲಿ ಹೊರ ವರ್ತುಲ ರಸ್ತೆ ಎಡಕ್ಕೆ ಹೊರಟು ಬಿ.ಇ.ಎಲ್. ವೃತ್ತ, ಕುವೆಂಪು ವೃತ್ತ, ಭದ್ರಪ್ಪ ಬಡಾವಣೆಗಳ ಮೂಲಕ ಹೆಬ್ಬಾಳಕ್ಕೆ ಹೋಗುತ್ತದೆ.

ಮೆಜೆಸ್ಟಿಕ್ಕಿಗೆ ಹೋದವರು ದಕ್ಷಿಣಕ್ಕೆ ಇಳಿದು, ಮತ್ತೆ ಉತ್ತರಕ್ಕೆ ಹತ್ತಬೇಕು. ಗೊರಗುಂಟೆಪಾಳ್ಯದಲ್ಲಿ ಇಳಿದವರು ಅಡ್ಡ ಹಾಯ್ದು ಹೋಗಿಬಿಡುತ್ತಾರೆ. ಯಶವಂತಪುರದಿಂದಾಗಲಿ ಗೊರಗುಂಟೆಪಾಳ್ಯದಿಂದಾಗಲಿ ಅಮೃತಹಳ್ಳಿಗೆ ಸುಮಾರು 10ರಿಂದ 12 ಕಿಲೋಮೀಟರು ಮಾತ್ರ. ಆದುದರಿಂದ ಸದಸ್ಯರು ನೆನಪಿಡಬೇಕಾದ ಒಂದೇ ಮಾತು: ಉತ್ತರ ಬೆಂಗಳೂರಿನಲ್ಲಿ ಕೆಲಸವಿದ್ದರೆ ಮೆಜೆಸ್ಟಿಕ್ಕಿಗೆ ಹೋಗಬೇಡಿ.

ಬಸ್ಸಿನಲ್ಲಿ

ರಾತ್ರಿ ಬಸ್ಸುಗಳು ನೆಲಮಂಗಲ ದಾಟುವುದು ಸಾಮಾನ್ಯವಾಗಿ ನಸುಕಿನಲ್ಲಿ. ಗಾಢ ನಿದ್ರೆಯ ಹೊತ್ತು ಅದು. ಹತ್ತುವಾಗಲೇ ನಿರ್ವಾಹಕರಿಗೆ "ಗೊರಗುಂಟೆಪಾಳ್ಯದಲ್ಲಿ ಎಬ್ಬಿಸಿ" ಎಂದು ಹೇಳಿಡಿ. ಟಿಕೇಟು ಮೆಜೆಸ್ಟಿಕ್ಕಿನವರೆಗೆ ಇದ್ದರೂ ನಡುವೆ ಇಳಿಯಲು ಅಡ್ಡಿಯಿಲ್ಲ. ಸಾಮಾನನ್ನು ಬಸ್ಸಿನ ಹೊಟ್ಟೆಯೊಳಗೆ ಹಾಕಿದ್ದರೆ ಅದನ್ನೂ ಮೊದಲೇ ತಿಳಿಸಬೇಕು. ನೀವು ಇಳಿದು ನಿಂತು, ಬಾಳೆಗೊನೆ ಮಾತ್ರ ಮೆಜೆಸ್ಟಿಕ್ಕಿಗೆ ಹೋದ ಪ್ರಸಂಗಗಳೂ ಉಂಟು.

ಗೊರಗುಂಟೆಪಾಳ್ಯದಲ್ಲಿ ಇಳಿದ ಮೇಲೆ ಹೊರ ವರ್ತುಲ ರಸ್ತೆಯ ನಿಲ್ದಾಣಕ್ಕೆ ಬಂದು ಹೆಬ್ಬಾಳಕ್ಕೆ ಹೋಗುವ ಬಿ.ಎಂ.ಟಿ.ಸಿ. ಬಸ್ಸು ಹಿಡಿಯಬೇಕು. ನಗರದ ಬಸ್ಸುಗಳನ್ನು ಹಿರಿಯರು ಇನ್ನೂ ಬಿ.ಟಿ.ಎಸ್. ಎಂದೇ ಕರೆಯುತ್ತಾರೆ, 1997ರಿಂದ ಅದು ಬಿ.ಎಂ.ಟಿ.ಸಿ. ಆಗಿದೆ. ಬಸ್ಸಿನ ನಂಬರುಗಳು ಆಗಾಗ ಬದಲಾಗುತ್ತವೆಯಾದ್ದರಿಂದ ಇಲ್ಲಿ ಕೊಟ್ಟಿಲ್ಲ. "ಯಲಹಂಕ ಹೋಗುತ್ತದೆಯೇ, ಬ್ಯಾಟರಾಯನಪುರದಲ್ಲಿ ನಿಲ್ಲಿಸುತ್ತದೆಯೇ" ಎಂದು ಕೇಳಿ ಹತ್ತುವುದೇ ಸರಿ. ಯಲಹಂಕದ ಬಸ್ಸು ಸಿಕ್ಕದಿದ್ದರೆ ಹೆಬ್ಬಾಳದಲ್ಲಿ ಇಳಿದು ಬಸ್ಸು ಬದಲಿಸಬೇಕು.

ಮೇಲಿನ ಎರಡನೆಯ ಪ್ರಶ್ನೆ ಕೇಳುವುದು ಬಹಳ ಮುಖ್ಯ. ಹೆಬ್ಬಾಳ ದಾಟಿದ ಮೇಲೆ ಬಳ್ಳಾರಿ ರಸ್ತೆ ಎರಡಾಗುತ್ತದೆ. ವಿಮಾನ ನಿಲ್ದಾಣಕ್ಕೆ ಹೋಗುವವರಿಗೆಂದು ಕಂಬಗಳ ಮೇಲೆ ಕಟ್ಟಿದ ಮೇಲು ರಸ್ತೆ ಒಂದು; ಊರುಗಳಿಗೆ ಹೋಗುವ ಕೆಳಗಿನ ರಸ್ತೆ ಇನ್ನೊಂದು. ಮೇಲು ರಸ್ತೆ ಹತ್ತಿದ ವಾಹನ ಬ್ಯಾಟರಾಯನಪುರ, ಜಕ್ಕೂರುಗಳ ತಲೆಯ ಮೇಲೆ ಹಾದು ಯಲಹಂಕದ ಬಳಿಯೇ ಕೆಳಗಿಳಿಯುವುದು. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಪತ್ನಿಯೊಡನೆ ಸೊಸೆಯ ಬಾಣಂತನಕ್ಕೆಂದು ಹೋದಾಗ ಹೀಗೆ ಆಯಿತು. ಕೈಯಲ್ಲಿ ಅರ್ಧ ಗೋಣಿ ತೆಂಗಿನಕಾಯಿ, ಕಾಫಿ ಪುಡಿ, ಮಿಡಿ ಉಪ್ಪಿನಕಾಯಿಯ ಜಾಡಿ. ವಿಚಾರಿಸದೆ ಒಂದು ಬಸ್ಸು ಹತ್ತಿದರು. ಅಮೃತಹಳ್ಳಿ ಎಲ್ಲಿ ಎಂದು ಅವರು ಕೇಳುವಾಗ ನಿರ್ವಾಹಕರು, "ಅದು ಕೆಳಗಡೆ ಹೋಯ್ತಲ್ಲ ಯಜಮಾನ್ರೇ" ಎಂದರಂತೆ. "ಕೆಳಗಡೆ ಹೋಯಿತು ಎಂದರೆ ಏನೆಂದೇ ನಮಗೆ ಅರ್ಥವಾಗಲಿಲ್ಲ ಮಾರಾಯರೇ" ಎಂದು ಅವರು ಈಗಲೂ ಹೇಳಿ ನಗುತ್ತಾರೆ. ಅಂದು ನಗು ಬಂದಿರಲಿಕ್ಕಿಲ್ಲ.

ಕೊಡಗಿನ ಸದಸ್ಯರ ವಿಷಯ ಬೇರೆ. ಮಡಿಕೇರಿ, ಕುಶಾಲನಗರದಿಂದ ಮೈಸೂರಿನ ಮೇಲೆ ಬರುವ ಬಸ್ಸುಗಳು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದ ಕಡೆಯಿಂದ ಊರೊಳಗೆ ಬರುತ್ತವೆ. ಇಂಥವರು ಮೆಟ್ರೋ ರೈಲಿನ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್ಕಿಗೆ ಬಂದು, ಅದೇ ನಿಲ್ದಾಣದಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಯಶವಂತಪುರದಲ್ಲಿ ಇಳಿಯಬಹುದು. ಇಲ್ಲವೇ ಮೆಜೆಸ್ಟಿಕ್ಕಿನಿಂದ ಬಳ್ಳಾರಿ ರಸ್ತೆಯ ಯಲಹಂಕದ ಬಸ್ಸು ಹಿಡಿಯಬಹುದು. ಸೋಮವಾರಪೇಟೆ, ಶನಿವಾರಸಂತೆ ಕಡೆಯವರಿಗೆ ಹಾಸನದ ಮೇಲೆ ನೆಲಮಂಗಲಕ್ಕೆ ಬರುವುದು ಅನುಕೂಲ.

ಖರ್ಚಿನ ವಿಷಯದಲ್ಲಿ ಎರಡು ಮಾತು. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ 'ಶಕ್ತಿ' ಯೋಜನೆಯಡಿ ಉಚಿತ ಪ್ರಯಾಣವಿದೆ. ನಗರದ ಸಾಮಾನ್ಯ ಬಸ್ಸುಗಳಿಗೂ ಇದು ಅನ್ವಯಿಸುತ್ತದೆ. ರಾಜಹಂಸ, ಐರಾವತ, ವಾಯುವಜ್ರದಂಥ ಬಸ್ಸುಗಳಿಗೆ ಇಲ್ಲ. ವಿಳಾಸವಿರುವ ಗುರುತಿನ ಚೀಟಿ ಜೊತೆಯಲ್ಲಿ ಇರಲೇಬೇಕು. ಮನೆಯವರು ಗುರುತಿನ ಚೀಟಿಯನ್ನು ಪೆಟ್ಟಿಗೆಯ ತಳದಲ್ಲಿಟ್ಟು ಬಸ್ಸಿನಲ್ಲಿ ತಡಕಾಡುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಸೆರಗಿನ ಗಂಟಿನಷ್ಟು ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದು.

ರೈಲಿನಲ್ಲಿ

ಹೃದಯದ ತೊಂದರೆ, ಮಂಡಿನೋವು ಇರುವ ಹಿರಿಯರಿಗೆ ಬಸ್ಸಿಗಿಂತ ರೈಲೇ ಮೇಲು. ಕಾಲು ಚಾಚಿ ಮಲಗಬಹುದು, ಶೌಚಾಲಯವೂ ಇರುತ್ತದೆ. ಶಿವಮೊಗ್ಗ, ಬೀರೂರು, ಕಡೂರು, ಅರಸೀಕೆರೆಗಳಿಂದ ಬರುವ ರೈಲುಗಳು ತುಮಕೂರಿನ ಮೇಲೆ ಯಶವಂತಪುರಕ್ಕೆ ಬರುತ್ತವೆ. ಚಿಕ್ಕಮಗಳೂರಿಗೂ 2013ರಲ್ಲಿ ಕಡೂರಿನಿಂದ ರೈಲು ಬಂತು. 2017ರ ಮಾರ್ಚಿಯಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೂಲಕ ಹಾಸನ–ಬೆಂಗಳೂರು ನೇರ ಮಾರ್ಗ ತೆರೆದ ಮೇಲೆ ಸಕಲೇಶಪುರ, ಸುಬ್ರಹ್ಮಣ್ಯ, ಪುತ್ತೂರು ಕಡೆಯವರಿಗೂ ಯಶವಂತಪುರ ಹತ್ತಿರವಾಗಿದೆ. ಆದರೆ ಕರಾವಳಿಯ ಕೆಲವು ರೈಲುಗಳು ಮೈಸೂರು ಸುತ್ತಿಕೊಂಡು ಬರುತ್ತವೆ. ಇನ್ನು ಕೆಲವು ರೈಲುಗಳು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿಗೆ ಹೋಗುತ್ತವೆ. ಆ ನಿಲ್ದಾಣ ಬಳಕೆಗೆ ಬಂದದ್ದು 2022ರ ಜೂನ್ ತಿಂಗಳಲ್ಲಿ. ಆದುದರಿಂದ ಟಿಕೇಟು ತೆಗೆಸುವಾಗ "ಬೆಂಗಳೂರು" ಎಂದು ಹೇಳದೆ "ಯಶವಂತಪುರ" ಎಂದೇ ಕೇಳಿ ಪಡೆಯತಕ್ಕದ್ದು.

ಯಶವಂತಪುರದಿಂದ ಮುಂದೆ ಎರಡು ದಾರಿ. ಒಂದು, ಯಲಹಂಕದ ಕಡೆಗೆ ಹೋಗುವ ಬಸ್ಸು ಅಥವಾ ಆಟೋ. ಇನ್ನೊಂದು, ಯಲಹಂಕ, ದೊಡ್ಡಬಳ್ಳಾಪುರ, ಹಿಂದೂಪುರ ಕಡೆಗೆ ಹೋಗುವ ಸ್ಥಳೀಯ ರೈಲು. ಇದು ಲೊಟ್ಟೆಗೊಲ್ಲಹಳ್ಳಿ ದಾಟಿದ ಮೇಲೆ ಕೊಡಿಗೇಹಳ್ಳಿ ಎಂಬ ಸಣ್ಣ ನಿಲ್ದಾಣದಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿದರೆ ಸಹಕಾರ ನಗರ. ಅಲ್ಲಿಂದ ಬಳ್ಳಾರಿ ರಸ್ತೆ ದಾಟಿ ಆಟೋದಲ್ಲಿ ಅಮೃತಹಳ್ಳಿ. ಖರ್ಚು ಅತ್ಯಲ್ಪ. ಆದರೆ ಈ ರೈಲುಗಳು ದಿನಕ್ಕೆ ಕೆಲವೇ ಇರುವುದರಿಂದ ನಿಮ್ಮ ಹೊತ್ತಿಗೆ ಹೊಂದುತ್ತದೆಯೇ ನೋಡಿಕೊಳ್ಳಬೇಕು. ದೂರದ ರೈಲುಗಳು ಕೊಡಿಗೇಹಳ್ಳಿಯಲ್ಲಿ ನಿಲ್ಲುವುದಿಲ್ಲ.

ಯಶವಂತಪುರ ನಿಲ್ದಾಣಕ್ಕೆ ಎರಡು ಕಡೆ ಬಾಗಿಲುಗಳಿವೆ. ಕರೆದುಕೊಂಡು ಹೋಗಲು ಮಗ ಒಂದು ಕಡೆ, ತಂದೆ ತಾಯಿ ಇನ್ನೊಂದು ಕಡೆ ನಿಂತು ಅರ್ಧ ಗಂಟೆ ಕಳೆಯುವುದು ಸಾಮಾನ್ಯ. ಯಾವ ಕಡೆ ಎಂದು ಮೊದಲೇ ಮಾತಾಡಿಕೊಳ್ಳಿ.

ಮಳೆಗಾಲದ ಎಚ್ಚರಿಕೆ ಬೇರೆಯೇ ಹೇಳಬೇಕು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 2018ರ ಆಗಸ್ಟಿನಲ್ಲಿಯೂ 2024ರ ಜುಲೈ ಕೊನೆಯಲ್ಲಿಯೂ ಗುಡ್ಡ ಕುಸಿದು ರೈಲು ನಿಂತಿತ್ತು. ಶಿರಾಡಿ ಘಾಟಿಯ ರಸ್ತೆಗೂ ಅದೇ ಗತಿ ಬರುವುದುಂಟು. ಜೂನ್‌ನಿಂದ ಸೆಪ್ಟೆಂಬರಿನ ತನಕ ಘಾಟಿ ದಾಟಿ ಬರುವವರು ವೈದ್ಯರ ಭೇಟಿ ಇದ್ದರೆ ಒಂದು ದಿನ ಮುಂಚೆಯೇ ಹೊರಡುವುದು ಕ್ಷೇಮ. ಹಿರಿಯ ನಾಗರಿಕರಿಗೆ ರೈಲಿನಲ್ಲಿದ್ದ ದರದ ರಿಯಾಯಿತಿ 2020ರ ಮಾರ್ಚಿಯಲ್ಲಿ ನಿಂತುಹೋಯಿತು. ಆ ಲೆಕ್ಕ ಹಿಡಿದು ಹೊರಟು, ಕೌಂಟರಿನಲ್ಲಿ ಪೇಚಾಡಬೇಡಿ.

ಕಾರಿನಲ್ಲಿ

ಸ್ವಂತ ಕಾರು ಅಥವಾ ಜೀಪಿನಲ್ಲಿ ಬರುವವರಿಗೂ ನೆಲಮಂಗಲವೇ ನಿರ್ಧಾರದ ಜಾಗ. ನಸುಕಿನಲ್ಲಿ 6 ಗಂಟೆಗೆ ಮುಂಚೆ ನೆಲಮಂಗಲ ದಾಟುವಂತಿದ್ದರೆ ಗೊರಗುಂಟೆಪಾಳ್ಯ, ಹೊರ ವರ್ತುಲ ರಸ್ತೆ, ಹೆಬ್ಬಾಳ ಎಂಬ ನೇರ ದಾರಿಯೇ ಸುಲಭ. ಆದರೆ ಬೆಳಿಗ್ಗೆ 8ರಿಂದ 11, ಸಂಜೆ 5ರಿಂದ 8ರ ಹೊತ್ತಿಗೆ ಗೊರಗುಂಟೆಪಾಳ್ಯ ಮತ್ತು ಹೆಬ್ಬಾಳ ಎರಡೂ ಕಡೆ ವಾಹನಗಳು ಕಟ್ಟಿಕೊಳ್ಳುತ್ತವೆ. ಆಗ ಊರನ್ನು ಮುಟ್ಟದೆ ಸುತ್ತಿ ಬರುವ ದಾರಿ ಇದೆ. ತುಮಕೂರು ಕಡೆಯಿಂದ ಬರುವವರು ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರಕ್ಕೆ ಬರಬೇಕು. ಹಾಸನ ಕಡೆಯವರು ನೆಲಮಂಗಲದಿಂದಲೇ ದೊಡ್ಡಬಳ್ಳಾಪುರದ ರಸ್ತೆ ಹಿಡಿಯಬೇಕು. ಅಲ್ಲಿಂದ ರಾಜಾನುಕುಂಟೆ, ಯಲಹಂಕದ ಮೇಲೆ ಬಂದರೆ ಅಮೃತಹಳ್ಳಿ. ದೂರ ಹೆಚ್ಚು, ಡೀಸೆಲ್ಲೂ ಸ್ವಲ್ಪ ಹೆಚ್ಚು. ಆದರೆ ಗೇರು ಬದಲಿಸುತ್ತ ಗಂಟೆಗಟ್ಟಲೆ ನಿಲ್ಲುವ ಕಷ್ಟ ಇಲ್ಲ. ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿಯ ಹೆದ್ದಾರಿಯೇ ಉತ್ತಮ.

ಕೊಡಗು, ಮೈಸೂರು ಕಡೆಯಿಂದ ಬರುವವರು ಕೆಂಗೇರಿಯ ಬಳಿ ನೈಸ್ ರಸ್ತೆ ಹತ್ತಿ ತುಮಕೂರು ರಸ್ತೆಯ ಮಾದಾವರದ ಹತ್ತಿರ ಇಳಿದು, ಅಲ್ಲಿಂದ ಮೇಲಿನ ದಾರಿಯನ್ನೇ ಹಿಡಿಯಬಹುದು. ಸುಂಕ ಹೆಚ್ಚಾದರೂ ಊರೊಳಗಿನ ತಾಪತ್ರಯ ತಪ್ಪುತ್ತದೆ.

ಹೆಬ್ಬಾಳದ ಕಡೆಯಿಂದ ಬರುವಾಗ ಮೇಲು ರಸ್ತೆ ಹತ್ತದೆ ಎಡಗಡೆಯ ಕೆಳರಸ್ತೆಯಲ್ಲೇ ಇರಬೇಕು. ಅಮೃತಹಳ್ಳಿ ಬಲಕ್ಕೆ ಇರುವುದರಿಂದ ಮೇಲ್ಸೇತುವೆಯ ಅಡಿಯಲ್ಲಿ ತಿರುಗಿ ಆ ಬದಿಗೆ ಹೋಗಬೇಕಾಗುವುದು. ಯಲಹಂಕದ ಕಡೆಯಿಂದ ಬಂದರೆ ಅದು ಎಡಗೈಗೇ ಸಿಗುತ್ತದೆ. ಈ ಅನುಕೂಲವೂ ದೊಡ್ಡಬಳ್ಳಾಪುರದ ದಾರಿಗಿದೆ. ಒಳಗಿನ ಬೀದಿಗಳು ಹಳ್ಳಿಯ ಕಾಲದವು, ಅಗಲ ಕಡಿಮೆ. ಕಾರು ನಿಲ್ಲಿಸಲು ಜಾಗವಿದೆಯೇ ಎಂದು ಮಕ್ಕಳನ್ನು ಕೇಳಿಕೊಂಡೇ ಹೊರಡಿ.

ಬೆಸ ಸಂಖ್ಯೆಯ ವರ್ಷಗಳ ಫೆಬ್ರವರಿಯಲ್ಲಿ ಯಲಹಂಕದ ವಾಯುಪಡೆ ನೆಲೆಯಲ್ಲಿ ವೈಮಾನಿಕ ಪ್ರದರ್ಶನ ನಡೆಯುವುದು ರೂಢಿ. 2023 ಮತ್ತು 2025ರಲ್ಲಿ ಹೀಗೆಯೇ ಆಯಿತು. ಆ ದಿನಗಳಲ್ಲಿ ಬಳ್ಳಾರಿ ರಸ್ತೆಯ ಕಡೆ ತಲೆಹಾಕದಿರುವುದೇ ಜಾಣತನ.

ವಿಮಾನದಲ್ಲಿ

ವಿಮಾನ ನಮಗೇಕೆ ಎನ್ನಬೇಡಿ. ಪರದೇಶದಲ್ಲಿರುವ ಮಕ್ಕಳನ್ನು ಎದುರುಗೊಳ್ಳಲು, ಕಳುಹಿಸಲು, ಮೊಮ್ಮಕ್ಕಳನ್ನು ನೋಡಿ ಬರಲು ನಮ್ಮ ಸದಸ್ಯರೂ ಈಗ ಹೋಗುತ್ತಿದ್ದಾರೆ. ಮಂಗಳೂರಿನ ಬಜ್ಪೆಯಿಂದ ಬೆಂಗಳೂರಿಗೆ ವಿಮಾನಗಳಿವೆ. ಶಿವಮೊಗ್ಗದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಸಣ್ಣ ನಿಲ್ದಾಣಗಳ ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ವಿಚಾರಿಸಿಯೇ ಹೊರಡಬೇಕು.

ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ಎರಡು ಟರ್ಮಿನಲ್‌ಗಳಿವೆ. ಎರಡನೆಯದು ಉದ್ಘಾಟನೆಯಾದದ್ದು 2022ರ ನವೆಂಬರಿನಲ್ಲಿ. ಟಿಕೇಟಿನಲ್ಲಿ ಯಾವ ಟರ್ಮಿನಲ್ ಎಂದು ನಮೂದಾಗಿರುತ್ತದೆ, ಅದನ್ನು ಓದಿಕೊಳ್ಳಿ. ಇಲ್ಲಿಂದ ಅಮೃತಹಳ್ಳಿ ಸುಮಾರು 22ರಿಂದ 25 ಕಿಲೋಮೀಟರು. ಹೆಬ್ಬಾಳಕ್ಕಿಂತ ಮೊದಲೇ ಸಿಗುವುದರಿಂದ ಊರೊಳಗಿನ ದಟ್ಟಣೆ ತಗಲುವುದಿಲ್ಲ. ಟ್ಯಾಕ್ಸಿಗೆ ಕೊಡುವ ಹಣ ಉಳಿಸಬೇಕೆನ್ನುವವರು ವಾಯುವಜ್ರ ಬಸ್ಸಿನಲ್ಲಿ ಹೆಬ್ಬಾಳಕ್ಕೆ ಬಂದು, ಅಲ್ಲಿಂದ ಬ್ಯಾಟರಾಯನಪುರಕ್ಕೆ ಹಿಂದಿರುಗಬಹುದು.

ಸಾಮಾನಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮವರು ಕೊಬ್ಬರಿ ಒಯ್ಯುವುದು ಹೆಚ್ಚು. ಎಣ್ಣೆಯ ಅಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತು ಎಂದು ಅಂತರರಾಷ್ಟ್ರೀಯ ವಿಮಾನ ನಿಯಮಗಳಲ್ಲಿ ಕೊಬ್ಬರಿಯನ್ನು ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಅಡಿಕೆಗೂ ಕೆಲವು ದೇಶಗಳಲ್ಲಿ ನಿರ್ಬಂಧವಿದೆ. ಕಾಫಿ ಪುಡಿಗೆ ಸಾಮಾನ್ಯವಾಗಿ ತಕರಾರಿಲ್ಲ. ಅದನ್ನೇ ಹೆಚ್ಚು ಒಯ್ಯಿರಿ, ನಮ್ಮ ಬೆಳೆಗೂ ಪ್ರಚಾರ.

ಬರಲಿರುವ ದಾರಿಗಳು

ಬಳ್ಳಾರಿ ರಸ್ತೆಯ ಉದ್ದಕ್ಕೂ ಕಂಬಗಳನ್ನು ಕಂಡು ಸದಸ್ಯರು ಕೇಳುವುದುಂಟು. ಅವು ನಾಗವಾರ, ಹೆಬ್ಬಾಳ, ಯಲಹಂಕದ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೋದ ನೀಲಿ ಮಾರ್ಗಕ್ಕೆಂದು ಎದ್ದವು. ಇದಲ್ಲದೆ ಉಪನಗರ ರೈಲು ಯೋಜನೆಗೆ 2022ರ ಜೂನ್ 20ರಂದು ಶಂಕುಸ್ಥಾಪನೆಯಾಯಿತು. ಒಟ್ಟು 148 ಕಿಲೋಮೀಟರು, ನಾಲ್ಕು ಮಾರ್ಗಗಳು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ದೇವನಹಳ್ಳಿಗೆ ಹೋಗುವುದು ಸಂಪಿಗೆ. ಬೈಯಪ್ಪನಹಳ್ಳಿಯಿಂದ ಹೆಬ್ಬಾಳ, ಯಶವಂತಪುರಗಳ ಮೇಲೆ ಚಿಕ್ಕಬಾಣಾವರಕ್ಕೆ ಹೋಗುವುದು ಮಲ್ಲಿಗೆ. ಇವು ಓಡಲು ತೊಡಗಿದ ದಿನ ಯಶವಂತಪುರದಲ್ಲಿ ಇಳಿದವರಿಗೆ ಮುಂದಿನ ದಾರಿ ಬಹಳ ಹಗುರವಾಗುವುದು. ಅಲ್ಲಿಯವರೆಗೆ ಬಸ್ಸನ್ನೇ ನಂಬಿಕೊಳ್ಳಬೇಕು.

ಹೋಗಲೇಬೇಕೇ?

ಕೊನೆಯದಾಗಿ ಒಂದು ಮಾತು. ಎಲ್ಲ ಕೆಲಸಕ್ಕೂ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕೃಷಿ ವಿಶ್ವವಿದ್ಯಾನಿಲಯ ಅಮೃತಹಳ್ಳಿಯ ಎದುರಿಗೇ ಇದೆ ಎಂದು ಮಣ್ಣಿನ ಪೊಟ್ಟಣ ಕಟ್ಟಿಕೊಂಡು ಹೊರಡುವವರನ್ನು ಕಂಡಿದ್ದೇವೆ. 1964ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾನಿಲಯದ ಬಗ್ಗೆ ನಮಗೆ ಗೌರವವಿದೆ. ಸಾಮಾನ್ಯವಾಗಿ ಅಕ್ಟೋಬರ್ ಅಥವಾ ನವೆಂಬರಿನಲ್ಲಿ ನಡೆಯುವ ಅಲ್ಲಿನ ಕೃಷಿ ಮೇಳವನ್ನು ಅವಶ್ಯ ನೋಡಿಬನ್ನಿ. ಮಗನ ಮನೆಯಿಂದ ಅದು ಕೂಗಳತೆಯಲ್ಲಿದೆ. ಆದರೆ ಕಾಫಿಯ ಮಣ್ಣು, ಎಲೆ, ರೋಗದ ವಿಷಯಕ್ಕೆ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ 1925ರಿಂದಲೂ ನಮ್ಮ ಬಾಗಿಲಲ್ಲೇ ಇದೆ. ಅಡಿಕೆಗೆ ವಿಟ್ಲದ ಕೇಂದ್ರವೂ, ಶಿವಮೊಗ್ಗದಲ್ಲಿ 2012ರಲ್ಲಿ ಆರಂಭವಾದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯವೂ ಇವೆ. ಹತ್ತಿರದಲ್ಲಿ ಆಗುವ ಕೆಲಸಕ್ಕೆ ದೂರ ಹೋಗಿ ದಿನ ಕಳೆಯುವುದು ಬೇಡ.

ಹೊರಡುವ ಮುನ್ನ

1. ಮಕ್ಕಳ ಮನೆಯ ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿಡಿ. ಮೊಬೈಲಿನ ಬ್ಯಾಟರಿ ಮುಗಿದರೆ ಸಹಾಯಕ್ಕೆ ಬರುವುದು ಆ ಚೀಟಿಯೇ.

2. ಆಸ್ಪತ್ರೆಗೆ ಹೋಗುವವರು ಹಿಂದಿನ ವರದಿಗಳು ಮತ್ತು ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಬಸ್ಸಿನ ಹೊಟ್ಟೆಯಲ್ಲಿ ಬೇಡ.

3. ಸಾಧ್ಯವಾದರೆ ವೈದ್ಯರ ಭೇಟಿಯನ್ನು 11 ಗಂಟೆಯ ಮೇಲೆ ಕೇಳಿ ಪಡೆಯಿರಿ.

4. ಆಟೋ ಹತ್ತುವ ಮೊದಲೇ ಬಾಡಿಗೆ ಗೊತ್ತುಮಾಡಿಕೊಳ್ಳಿ, ಅಥವಾ ಮಕ್ಕಳಿಗೆ ಹೇಳಿ ಅವರ ಮೊಬೈಲಿನಿಂದಲೇ ಗೊತ್ತುಮಾಡಿಸಿ.

5. ಕಣದಲ್ಲಿ ಕಾಫಿ, ಚಪ್ಪರದಲ್ಲಿ ಅಡಿಕೆ ಇದ್ದರೆ ಮಳೆ ಬಂದಾಗ ಟಾರ್ಪಾಲು ಎಳೆಯಲು ನೆರೆಮನೆಯವರಿಗೆ ಹೇಳಿಯೇ ಹೊರಡಿ.

ಮುಂದಿನ ವರ್ಷ ತಂದೆಯವರ ತಪಾಸಣೆಗೆ ಮತ್ತೆ ಹೋದೆವು. ಈ ಸಲ ಗೊರಗುಂಟೆಪಾಳ್ಯ ಬರುವ ಮೊದಲೇ ತಂದೆಯವರು ಶಾಲು ಹೊದ್ದು, ಚೀಲ ತೊಡೆಯ ಮೇಲಿಟ್ಟುಕೊಂಡು ಎದ್ದು ಕುಳಿತಿದ್ದರು. ಆರೂಕಾಲರ ಒಳಗೆ ಇಳಿದು, ಏಳೂವರೆಗೆ ಮಗನ ಮನೆಯಲ್ಲಿ ಸ್ನಾನ ಮುಗಿಸಿ, ಹೊತ್ತಿಗೆ ಸರಿಯಾಗಿ ವೈದ್ಯರನ್ನು ಕಂಡೆವು. ಅದೇ ರಾತ್ರಿಯ ಬಸ್ಸಿಗೆ ಹೊರಟು, ಬೆಳಗಾಗುವಾಗ ಮನೆಯಂಗಳ ತಲುಪಿದೆವು. ತಂದೆಯವರು ಚಪ್ಪಲಿ ಬಿಡುವ ಮೊದಲು ಕಣಕ್ಕೆ ಹೋಗಿ ಒಂದು ಹಿಡಿ ಕಾಫಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ನೋಡಿದರು. ಒಣಗಿದ ಬೀಜದ ಸದ್ದು ಬಂತು.

ಸದಸ್ಯರು ತಮ್ಮ ತಮ್ಮ ಊರಿನಿಂದ ಬೆಂಗಳೂರಿನ ಈ ಭಾಗಕ್ಕೆ ಕಂಡುಕೊಂಡ ಬೇರೆ ದಾರಿಗಳಿದ್ದರೆ ಸಂಘದ ಕಛೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ. ಉಪಯುಕ್ತವಾದವುಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸಲಾಗುವುದು.